ಬೋರಲು ಗಂಗಾಳ

ನನ್ನ ಅಣ್ಣ ಅನ್ನ ಕೇಳಿದ, ನಾನು ಹಾಕಲಿಲ್ಲ. ಒಂದು ಸಲವಲ್ಲ, ಮೂರು ದಿನ. ನಾನು ಬರೆಯಬೇಕಾದದ್ದು ಇಷ್ಟೇ, ಉಳಿದದ್ದೆಲ್ಲ ಇದರ ಹಿಂದುಮುಂದು. ಹೊಸಪೇಟೆಯ ಒಂದು ಶಾಲೆಯಲ್ಲಿ ನಾನು ಬಿಸಿಯೂಟದ ಅಡುಗೆ ಮಾಡುತ್ತೇನೆ. ಓದಿದ್ದು ಏಳನೇ ಕ್ಲಾಸು, ಅದೂ ಪರೀಕ್ಷೆಗೆ ಕೂರಲಿಲ್ಲ. ಮಧ್ಯಾಹ್ನ ಊಟ ಮುಗಿಸಿದ ಮಕ್ಕಳು ನಲ್ಲಿಯ ಹತ್ತಿರ ತಟ್ಟೆ ತೊಳೆದು, ನೀರು ಬಸಿಯಲಿ ಎಂದು ಕಲ್ಲುಹಾಸಿನ ಮೇಲೆ ಬೋರಲು ಹಾಕುತ್ತಾರೆ. ಒಂದರ ಹಿಂದೆ ಒಂದು, ನೂರಾರು ಸ್ಟೀಲ್ ತಟ್ಟೆ ಕಲ್ಲಿಗೆ ಬೀಳುವ ಸದ್ದು. ಹೊಟ್ಟೆ ತುಂಬಿದ ಮಕ್ಕಳ ಸದ್ದು ಅದು, ಕೇಳಿದವರಿಗೆ ಸಂತೋಷವಾಗಬೇಕು. ನನಗೆ ಮಾತ್ರ ಪ್ರತಿದಿನ ಆ ಹೊತ್ತಿಗೆ ಒಲೆಯ ಕಡೆ ಮುಖ ತಿರುಗಿಸಿ, ಆರಿದ ಬೂದಿಯನ್ನೇ ಮತ್ತೆ ಮತ್ತೆ ಕೆದಕುತ್ತ ಕೂರಬೇಕಾಗುತ್ತದೆ. ಊರವರ ಮಕ್ಕಳಿಗೆಲ್ಲ ಬಡಿಸಿದ ಕೈ ಇದು.

ನಮ್ಮ ಮನೆ ಪಾಪಿನಾಯಕನಹಳ್ಳಿಯಲ್ಲಿತ್ತು. ಮಣ್ಣಿನ ಗೋಡೆ, ಮುಂದೆ ಪಡಸಾಲೆ, ಒಳಗೆ ಕತ್ತಲೆಯ ಅಡುಗೆಮನೆ, ಹಿತ್ತಲಲ್ಲಿ ಎಮ್ಮೆ ಕಟ್ಟುವ ಕೊಟ್ಟಿಗೆ. ಚಳಿಗಾಲ ಬಂತೆಂದರೆ ಮನೆಯ ತುಂಬ ಬೆಲ್ಲದ ವಾಸನೆ. ಅಪ್ಪ ಕಬ್ಬಿನ ಗಾಣದಲ್ಲಿ ಬೆಲ್ಲದ ಪಾಕ ಇಳಿಸುವ ಕೆಲಸ ಮಾಡುತ್ತಿದ್ದ. ಅವನ ಅಂಗಿ, ಟವೆಲು, ತಲೆಗೂದಲು ಎಲ್ಲಕ್ಕೂ ಕಾದ ಕಬ್ಬಿನ ಹಾಲಿನ ಬುರುಗಿನ ವಾಸನೆ ಹತ್ತಿರುತ್ತಿತ್ತು. ಅವ್ವ ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದಿಗೆ ನಾವು ಏಳುತ್ತಿದ್ದೆವು. ಅಡುಗೆಮನೆಯ ಗೋಡೆಗೆ ಒಂದು ಹಲಗೆ, ಅದರ ಮೇಲೆ ಸಾಲಾಗಿ ನಿಲ್ಲಿಸಿದ ಗಂಗಾಳಗಳು. ಗಂಗಾಳವೆಂದರೆ ಅಂಚು ಎತ್ತರವಿರುವ ಊಟದ ತಟ್ಟೆ. ನಮ್ಮಲ್ಲಿ ಒಬ್ಬೊಬ್ಬರಿಗೂ ಒಂದೊಂದು, ಪಾತ್ರೆ ಅಂಗಡಿಯಲ್ಲಿ ಹೆಸರು ಹೊಡೆಸಿದ್ದು. ಅಣ್ಣನದರ ಮೇಲೆ ‘ಹೊನ್ನೂರ’ ಎಂದಿತ್ತು. ನನ್ನದರ ಮೇಲೆ ‘ಹುಲಿಗೆಮ್ಮ’ ಎಂದು ಹೊಡೆಯುವಾಗ ಜಾಗ ಸಾಲದೆ ಕೊನೆಯ ಅಕ್ಷರ ಅಂಚಿನ ಮೇಲೆ ಹತ್ತಿ ಕೂತಿತ್ತು. ಅಣ್ಣ ಅದಕ್ಕೂ ನಗುತ್ತಿದ್ದ: ‘ನೋಡಲೇ, ನಿನ್ನ ಹೆಸರು ಗಂಗಾಳ ಬಿಟ್ಟು ಓಡಿ ಹೊಂಟೈತಿ.’

ಆ ಅಡುಗೆಮನೆಗೆ ಒಂದು ಕಾನೂನಿತ್ತು. ಮಾಡಿದವಳು ಅಪ್ಪನ ಅವ್ವ, ನಮ್ಮ ಅಜ್ಜಿ. ಕುಡಿದು ಬಂದವರಿಗೆ ಊಟವಿಲ್ಲ. ಅವರ ಗಂಗಾಳವನ್ನು ಹಲಗೆಯಿಂದ ತೆಗೆದು ಪಡಸಾಲೆಯ ಕಲ್ಲಿನ ಮೇಲೆ ಬೋರಲು ಹಾಕುವುದು, ಅಷ್ಟೇ. ಬೈಗುಳವಿಲ್ಲ, ಅಳುವಿಲ್ಲ. ಅಜ್ಜ ಈಚಲು ಹೆಂಡ ಕುಡಿಯುತ್ತಿದ್ದ. ಹಬ್ಬಕ್ಕೋ ಸಂತೆಗೋ ಕುಡಿದು ಬಂದಾಗ ಬಾಗಿಲಲ್ಲೇ ನಿಂತು ತನ್ನ ಗಂಗಾಳದ ಬೆನ್ನನ್ನು ನೋಡುತ್ತಿದ್ದ. ನೋಡಿ, ಹೊರಗೆ ಕಟ್ಟೆಯ ಮೇಲೆ ಮಲಗಿಬಿಡುತ್ತಿದ್ದ. ಮಾರನೆಯ ದಿನ ಕೂಸಿನ ಹಾಗೆ ಮೆತ್ತಗೆ ಬಂದು ಕೂರುತ್ತಿದ್ದ. ಓಣಿಯ ಹೆಂಗಸರು ಗಂಡನ ಏಟು ತಿಂದು ಅಳುತ್ತ ಬಂದರೆ ಅಜ್ಜಿ ಹೇಳುತ್ತಿದ್ದದ್ದು ಇದೊಂದೇ: ‘ಬೈಬ್ಯಾಡ, ಬಡೀಬ್ಯಾಡ. ಗಂಗಾಳ ಬೋರಲು ಹಾಕು, ಸುಮ್ಮನ ಕುಂದ್ರು.’ ನನಗೆ ಆಗ ಅಜ್ಜಿಯೆಂದರೆ ಎಂಥ ಹೆಮ್ಮೆ. ಹೆಂಗಸರ ಕೈಯಲ್ಲಿ ಇದ್ದದ್ದು ಅನ್ನವೊಂದೇ, ಅದನ್ನೇ ಅವಳು ಕೋಲು ಮಾಡಿಕೊಂಡಿದ್ದಳು. ನಿಮ್ಮ ಮನೆಯಲ್ಲೂ ಇಂಥದೊಂದು ಕಾನೂನು ಇದ್ದಿರಬಹುದು. ಇದ್ದರೆ ಮುಂದಿನದನ್ನು ಸ್ವಲ್ಪ ನಿಧಾನವಾಗಿ ಓದಿ.

ಅಣ್ಣ ನನಗಿಂತ ಐದು ವರ್ಷ ದೊಡ್ಡವನು. ಅವನ ತಲೆ ಎಂಥದು ಎಂದು ಹೇಳದೆ ಹೋದರೆ ಅವನಿಂದ ಏನು ಹೋಯಿತು ಎಂಬುದು ನಿಮಗೆ ತಿಳಿಯುವುದಿಲ್ಲ. ಕಾಲುವೆ ನೀರು ಯಾರ ಹೊಲಕ್ಕೆ ಯಾವ ದಿನ ಎಂಬ ಪಾಳಿ ಪೂರ್ತಿ ಅವನ ತಲೆಯಲ್ಲಿರುತ್ತಿತ್ತು. ಹನ್ನೆರಡು ವರ್ಷದ ಹುಡುಗನನ್ನು ಹುಡುಕಿಕೊಂಡು ದೊಡ್ಡ ದೊಡ್ಡ ಮೀಸೆಯವರು ಮನೆಗೆ ಬರುತ್ತಿದ್ದರು. ‘ಏ ಹೊನ್ನೂರ, ನಾಳೆ ನೀರು ನಂದೇನಲೇ?’ ಎಂದು ಒಬ್ಬ ಕೇಳಿದರೆ, ಇವನು ಬುಗುರಿ ಸುತ್ತುತ್ತಲೇ ತಲೆ ಎತ್ತದೆ, ‘ನಿಂದಲ್ಲ ಮಾವ. ಹೋದ ಸಲ ನಿನ್ನ ಪಾಳ್ಯಾಗ ನೀ ನಿದ್ದಿ ಹೊಡೆದಿ, ನಿನ್ನ ನೀರೆಲ್ಲಾ ಬಾಜೂ ಹೊಲ ಕುಡೀತು. ಇನ್ನ ನಾಕು ದಿನ ಐತಿ’ ಎನ್ನುತ್ತಿದ್ದ. ಒಂದು ಸಲವೂ ತಪ್ಪಿದ್ದಿಲ್ಲ. ಹದಿನೈದಕ್ಕೆ ಅಪ್ಪನ ಜೊತೆ ಗಾಣಕ್ಕೆ ಹೋದ. ತಣ್ಣೀರಿನಲ್ಲಿ ಕೈ ಅದ್ದಿ, ಕುದಿಯುವ ಕೊಪ್ಪರಿಗೆಯಿಂದ ಚಿಟಿಕೆ ಪಾಕ ಎತ್ತಿ, ಮತ್ತೆ ನೀರಿಗೆ ಅದ್ದಿ ಉಂಡೆ ಮಾಡಿ ಕಲ್ಲಿಗೆ ಹೊಡೆಯುತ್ತಿದ್ದ. ಸದ್ದು ಕೇಳಿಯೇ ಬೆಲ್ಲ ಆಯಿತೋ ಇಲ್ಲವೋ ಹೇಳುತ್ತಿದ್ದ. ಆ ಉಂಡೆಯನ್ನು ಬಾಯಲ್ಲಿ ಊದಿ ಊದಿ ಆರಿಸಿ ನನ್ನ ಲಂಗದ ಮಡಿಲಿಗೆ ಹಾಕುತ್ತಿದ್ದ. ನಾನು ನುಂಗುವವರೆಗೆ ನಿಂತು ನೋಡುತ್ತಿದ್ದ.

ಗಾಣಗಳು ಒಂದೊಂದಾಗಿ ಮುಚ್ಚಿದವು. ಕಬ್ಬು ಫ್ಯಾಕ್ಟರಿ ಪಾಲಾಯಿತು, ಮೂಳೆ ಸವೆದ ಅಪ್ಪ ಒಂದು ಬೇಸಿಗೆಯಲ್ಲಿ ತೀರಿಕೊಂಡ. ಅದೇ ಹೊತ್ತಿಗೆ ಸಂಡೂರಿನ ಗುಡ್ಡಗಳಿಂದ ಅದಿರಿನ ಲಾರಿಗಳು ನಮ್ಮ ಊರ ಮುಂದೆ ಸಾಲುಗಟ್ಟಿದವು. ಗಿಡ, ಗೋಡೆ, ಒಣಹಾಕಿದ ಬಟ್ಟೆ ಎಲ್ಲ ಕೆಂಪಾಯಿತು. ಅಣ್ಣ ಅದಿರು ತುಂಬುವ ಕೆಲಸಕ್ಕೆ ಸೇರಿದ. ಅಲ್ಲಿಯ ಮೇಸ್ತ್ರಿಗೆ ಒಂದು ಪದ್ಧತಿ. ಪಾಳಿ ಮುಗಿದ ಕೂಡಲೇ, ಊಟಕ್ಕೂ ಮುಂಚೆ, ಎಲ್ಲರ ಕೈಗೆ ಒಂದೊಂದು ಸಾರಾಯಿ ಪಾಕೀಟು. ‘ಧೂಳು ಎದ್ಯಾಗ ಕುಂದರ್ತೈತಿ, ಎಣ್ಣಿ ಹಾಕಿದ್ರ ತೊಳ್ಕೊಂಡು ಹೊಕ್ಕೈತಿ’ ಎಂದು ಅವನು ಹೇಳುತ್ತಿದ್ದನಂತೆ. ಎಲ್ಲರೂ ನಂಬಿದರು. ನನ್ನ ಅಣ್ಣನೂ ನಂಬಿದ. ಊರಿನ ನೀರಿನ ಲೆಕ್ಕ ತಲೆಯಲ್ಲಿ ಇಟ್ಟುಕೊಂಡವನಿಗೆ ಇದೊಂದು ಸುಳ್ಳು ಗೊತ್ತಾಗಲಿಲ್ಲ. ಆಮೇಲೆ ಪಾಕೀಟು ನಿಂತು ಕಾಗದದ ಡಬ್ಬಿಯ ಬ್ರಾಂದಿ ಬಂತು, ಆಮೇಲೆ ಅದಿರಿನ ಕೆಲಸವೂ ನಿಂತಿತು. ಕುಡಿತ ನಿಲ್ಲಲಿಲ್ಲ. ಬೆಳಕು ಹರಿಯುವ ಮುಂಚೆ ಬಾಗಿಲು ತೆರೆಯುವುದು ನಮ್ಮ ಕಡೆ ಬ್ರಾಂದಿ ಅಂಗಡಿಯೊಂದೇ. ರೇಷನ್ ಅಂಗಡಿಯವನಿಗೆ ಹತ್ತು ಗಂಟೆಯಾದರೂ ಎಚ್ಚರವಾಗುವುದಿಲ್ಲ. ಆ ಬ್ರಾಂದಿ ಅಂಗಡಿಗೆ ಪರವಾನಗಿ ಕೊಟ್ಟವರು, ನಡೆಸಿದವರು, ಪಾಕೀಟು ಹಂಚಿದ ಮೇಸ್ತ್ರಿ, ಇವರಲ್ಲಿ ಒಬ್ಬರೂ ಇವತ್ತು ನನ್ನ ಅಣ್ಣನ ಕೈ ಹಿಡಿದು ಕಕ್ಕಸಿಗೆ ಕರೆದುಕೊಂಡು ಹೋಗಲು ಬರುವುದಿಲ್ಲ. ಆ ಮೇಸ್ತ್ರಿಗೆ ಈಗ ಎರಡಂತಸ್ತಿನ ಮನೆ. ಎದುರಾದರೆ ‘ಹೊನ್ನೂರ ಹೆಂಗದಾನವ್ವ?’ ಎಂದು ಕೇಳುತ್ತಾನೆ. ನಾನು ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತೇನೆ. ನಿಂತರೆ ಬಾಯಿಂದ ಏನು ಬರುತ್ತದೋ ನನಗೇ ಗೊತ್ತಿಲ್ಲ.

ನನ್ನ ಮದುವೆ ಮರಿಯಮ್ಮನಹಳ್ಳಿಗೆ ಆಗಿತ್ತು. ಗಂಡ ಕುಡಿದು ಬಂದು ಹೊಡೆಯುತ್ತಿದ್ದ. ನಾನೂ ಅಜ್ಜಿ ಹೇಳಿದಂತೆ ತಟ್ಟೆ ಬೋರಲು ಹಾಕಿದೆ. ಅವನು ಅದೇ ತಟ್ಟೆಯಿಂದ ನನ್ನ ಹಣೆ ಒಡೆದ. ಏಳು ವರ್ಷ ಸಹಿಸಿ, ಮಕ್ಕಳಿಲ್ಲದವಳು ಒಂದು ಚೀಲ ಹಿಡಿದು ತವರಿಗೆ ಬಂದೆ. ಬಂದರೆ ಇಲ್ಲೂ ಅದೇ ವಾಸನೆ. ಅಣ್ಣ ಯಾರಿಗೂ ಕೈ ಎತ್ತಿದವನಲ್ಲ, ಕುಡಿದಾಗ ಇನ್ನೂ ಮೆತ್ತಗಾಗುತ್ತಿದ್ದ. ಆದರೂ ಬಾಗಿಲಲ್ಲಿ ಅವನ ನೆರಳು ಬಿದ್ದರೆ ನನ್ನ ಹಣೆಯ ಗಾಯ ಮಿಡಿಯುತ್ತಿತ್ತು. ಅವ್ವ ಇರುವವರೆಗೆ ಗಂಗಾಳ ಬೋರಲು ಹಾಕುತ್ತಿದ್ದವಳು ಅವಳೇ. ಹಾಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದಳು. ಬೆಳಿಗ್ಗೆ ಎಮ್ಮೆಯ ಗೋದಲಿಯಲ್ಲಿ, ಮೇವು ಹಾಕುವ ಆ ಕಲ್ಲಿನ ತೊಟ್ಟಿಯಲ್ಲಿ, ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ಇಡುವುದನ್ನು ಎಷ್ಟೋ ಸಲ ನೋಡಿದ್ದೆ. ಎಮ್ಮೆಗೆ ಇಡುತ್ತಾಳೆ ಎಂದುಕೊಂಡಿದ್ದೆ. ಅವ್ವ ಸತ್ತ ಮೇಲೆ ಎಮ್ಮೆ ಮಾರಿದೆ, ಗೋದಲಿಯನ್ನು ತೊಳೆದು ಸೌದೆ ತುಂಬಿದೆ. ಅಡುಗೆಮನೆ ನನ್ನದಾಯಿತು, ಕಾನೂನೂ ನನ್ನದಾಯಿತು. ಅಜ್ಜಿ ವರ್ಷಕ್ಕೆ ನಾಲ್ಕು ಸಲ ಮಾಡಿದ್ದನ್ನು ನಾನು ವಾರಕ್ಕೆ ಐದು ದಿನ ಮಾಡಿದೆ. ಓಣಿಯವರು ‘ಅಜ್ಜಿ ಮೊಮ್ಮಗಳು’ ಎಂದು ಹೊಗಳಿದರು. ಹಾಳು ಹೊಗಳಿಕೆ. ಒಂದು ವರ್ಷದಲ್ಲಿ ಅಣ್ಣನ ಕೆನ್ನೆ ಒಳಗೆ ಹೋಯಿತು, ಕಾಲು ಕಡ್ಡಿಯಾಯಿತು. ಕುಡಿದರೆ ಹೀಗೇ ಆಗುವುದು ಎಂದು ನಾನು ಎಲ್ಲರಿಗೂ ಅವನನ್ನೇ ತೋರಿಸುತ್ತಿದ್ದೆ.

ಆ ದಿನ ಬಿಸಿಯೂಟದ ಕೆಲಸ ಮುಗಿಸಿ ಶಾಲೆಯಿಂದ ಬಂದು ಕಾಲು ತೊಳೆಯುತ್ತಿದ್ದೆ. ಮಕ್ಕಳು ಕಡಿಮೆ ಬಂದಿದ್ದರಿಂದ ಉಳಿದ ಅನ್ನ, ಸಾಂಬಾರು ಡಬ್ಬಿಯಲ್ಲಿ ತಂದಿದ್ದೆ. ಮೂರು ಗಂಟೆಯ ಬಿಸಿಲು. ಅಣ್ಣ ಗೋಡೆ ಹಿಡಿದುಕೊಂಡು, ಕಾಲು ಅಗಲ ಮಾಡಿ, ದೋಣಿಯಲ್ಲಿ ನಿಂತವನ ಹಾಗೆ ನಡೆದು ಬಂದ. ಅವನ ಕಣ್ಣುಗುಡ್ಡೆಗಳು ಒಂದು ಕಡೆ ನಿಲ್ಲದೆ ಅತ್ತಿಂದಿತ್ತ ಕದಲುತ್ತಿದ್ದವು.

‘ಹುಲಿಗೀ, ಎರಡು ದಿನ ಆತು ನಾ ಎಣ್ಣಿ ಮುಟ್ಟಿಲ್ಲ. ಹೊಟ್ಟ್ಯಾಗ ಏನೂ ನಿಂದ್ರವಲ್ದು, ಬರೇ ವಾಂತಿ. ಒಂದೀಟು ಗಂಜಿ ಕಾಸಿ ಕೊಡು.’

‘ನಿಂದ್ರಾಕ ಬರವಲ್ದು, ಮುಟ್ಟಿಲ್ಲಂತ. ಯಾರ ಮುಂದ ಹಚ್ಚೀದಿ ನಾಟಕ?’

‘ಕಾಲು ನನ್ನ ಮಾತು ಕೇಳವಲ್ಲವು ತಂಗಿ. ಒಂದು ಎರಡಾಗಿ ಕಾಣಾಕತ್ತೈತಿ.’

‘ನನಗೂ ಎರಡಾಗೇ ಕಾಣ್ತಿ. ನೀನೊಬ್ಬ, ಮರಿಯಮ್ಮನಹಳ್ಳ್ಯಾಗ ಬಿಟ್ಟು ಬಂದ್ನೆಲ್ಲ, ಅವನೊಬ್ಬ.’

ಒಳಗೆ ಹೋಗಿ ಅವನ ಗಂಗಾಳ ತಂದು ಕಲ್ಲಿನ ಮೇಲೆ ಬೋರಲು ಹಾಕಿದೆ. ಹಾಕಲಿಲ್ಲ, ಬಡಿದೆ. ಅದು ಸಾಲದೆ ಡಬ್ಬಿಯ ಅನ್ನವನ್ನು ಅವನು ನೋಡುವ ಹಾಗೆ ಬೀದಿ ನಾಯಿಗೆ ಸುರಿದೆ. ಅವನು ನಾಯಿ ತಿನ್ನುವುದನ್ನು ಸ್ವಲ್ಪ ಹೊತ್ತು ನೋಡಿದ. ‘ಆತು ಬಿಡು’ ಎಂದು ಕಟ್ಟೆಯ ಮೇಲೆ ಮಲಗಿದ. ಮರುದಿನ ಎದ್ದು ಬಂದು ಬಾಗಿಲಲ್ಲಿ ಕೂತ. ಗಂಗಾಳದ ಕಡೆ ನೋಡಿದ. ಅದು ಬೋರಲಾಗಿಯೇ ಇತ್ತು, ನಾನು ಎತ್ತಿರಲಿಲ್ಲ. ಮೂರನೆಯ ದಿನವೂ ಅಷ್ಟೇ. ಕುಡಿಯಲು ನೀರು ಕೊಟ್ಟೆ. ನೀರು ಕೊಟ್ಟಿದ್ದೆನಲ್ಲ ಎಂದು ಎಷ್ಟು ವರ್ಷ ಸಮಾಧಾನ ಮಾಡಿಕೊಂಡೆನೋ. ನಾಲ್ಕನೆಯ ದಿನ ಅವನು ಕಟ್ಟೆಯ ಮೇಲಿರಲಿಲ್ಲ. ಕಾಲುವೆಯ ದಂಡೆಯಲ್ಲಿ ಕೂತಿದ್ದಾನೆ ಎಂದು ಪಕ್ಕದ ಮನೆಯ ಈರಮ್ಮ ಬಂದು ಹೇಳಿದಳು. ಹೋಗಿ ನೋಡಿದರೆ ಕಾಲು ನೀರಿಗೆ ಇಳಿಬಿಟ್ಟು ಕೂತಿದ್ದ. ನನ್ನನ್ನು ನೋಡಿ ನಕ್ಕು ಕೇಳಿದ: ‘ಬಾರಬೇ, ಅಪ್ಪ ಗಾಣಕ್ಕ ಹೋದ್ನೇನು? ನಾಳೆ ನೀರು ಯಾರದು? ನೆನಪಾಗವಲ್ದು ನೋಡು.’ ಅಪ್ಪ ಸತ್ತು ಹದಿನೆಂಟು ವರ್ಷವಾಗಿತ್ತು. ಅವನ ಬಾಯಿಂದ ‘ನೆನಪಾಗವಲ್ದು’ ಎಂಬ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಹೊಸಪೇಟೆಯಲ್ಲಿ ತೋರಿಸಿ, ಅವರು ಹೇಳಿದರೆಂದು ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸಣ್ಣ ವಯಸ್ಸಿನ ಡಾಕ್ಟರಮ್ಮ. ಅವನ ಕಣ್ಣು ನೋಡಿದಳು, ನಡೆಸಿ ನೋಡಿದಳು, ಕೂಡಲೇ ಇಂಜೆಕ್ಷನ್ ಹಾಕಿಸಿದಳು. ಆಮೇಲೆ ನನ್ನನ್ನು ಕೇಳಿದಳು: ‘ಊಟ ಸರಿಯಾಗಿ ಮಾಡ್ತಿದ್ರಾ ಇವರು?’ ನಾನು ‘ಹೂಂರಿ, ಮಾಡ್ತಿದ್ದ’ ಎಂದೆ. ಬಾಯಿಂದ ಅಷ್ಟು ಸಲೀಸಾಗಿ ಬಂತು. ಹಾಸಿಗೆಯಲ್ಲಿದ್ದ ಅಣ್ಣ ತಲೆ ಎತ್ತಿ ನನ್ನ ಸುಳ್ಳಿಗೆ ಸಾಕ್ಷಿ ಹೇಳಿದ: ‘ಮೂರು ಹೊತ್ತೂ ಬಿಸಿಬಿಸಿ ಹಾಕ್ತಾಳ್ರಿ ನಮ್ಮ ತಂಗಿ. ನಿನ್ನೆ ಹೋಳಿಗಿ ಮಾಡಿದ್ಲು. ಬ್ಯಾಡ ಅಂದ್ರೂ ಬಿಡಲಿಲ್ರಿ.’ ನನ್ನ ಮರ್ಯಾದೆ ಉಳಿಸಲು ಹೇಳುತ್ತಿದ್ದಾನೆ ಎಂದುಕೊಂಡು ನಾನು ನೆಲ ನೋಡಿದೆ. ಡಾಕ್ಟರಮ್ಮ ಹೊರಗೆ ಕರೆದು ತಿಳಿಸಿ ಹೇಳಿದಳು. ಬರಿಯ ಕುಡಿತವೊಂದೇ ಅಲ್ಲ ಇದು. ಅನ್ನ, ಕಾಳುಗಳಿಂದ ಬರುವ ಬಿ ಒನ್ ಎಂಬ ಒಂದು ಸತ್ವ ಮಿದುಳಿಗೆ ಬೇಕು. ವರ್ಷಗಟ್ಟಲೆ ಕುಡಿದವರ ಹೊಟ್ಟೆ ಅದನ್ನು ಹೀರುವುದಿಲ್ಲ, ಮೇಲೆ ಊಟವೂ ಇಲ್ಲವೆಂದರೆ ನೆನಪು ಕೂರುವ ಜಾಗವೇ ಹಾಳಾಗುತ್ತದೆ. ಕಣ್ಣು ಕದಲುವುದು, ಕಾಲು ತಪ್ಪುವುದು ಅದರ ಮೊದಲ ಗುರುತು, ನೋಡಿದವರು ಕುಡಿದಿದ್ದಾನೆ ಎಂದುಕೊಳ್ಳುತ್ತಾರೆ. ‘ಆಗಲೇ ಕರ್ಕೊಂಡು ಬಂದಿದ್ರೆ ಬಹಳಷ್ಟು ಉಳಿಸಬಹುದಿತ್ತು’ ಎಂದಳು. ನಿನ್ನೆ ಹೋಳಿಗೆ ಮಾಡಿರಲಿಲ್ಲ ಎಂದಷ್ಟೇ ನಾನು ಹೇಳಿದೆ. ಅವನು ಬೇಕೆಂದು ಸುಳ್ಳು ಹೇಳಿದ್ದಲ್ಲವಂತೆ. ನೆನಪು ಬಿಟ್ಟುಹೋದ ಕಡೆ ಮಿದುಳು ತಾನೇ ಏನಾದರೂ ಕಟ್ಟಿ ತುಂಬಿಕೊಳ್ಳುತ್ತದಂತೆ. ‘ಅವರಿಗೆ ಅದು ನಿಜಾನೇ ಅಮ್ಮ. ಬಯ್ಯಬೇಡಿ’ ಎಂದಳು. ಆಗಲಾದರೂ ನನ್ನ ಸುಳ್ಳನ್ನು ಒಪ್ಪಿಕೊಳ್ಳಬೇಕಿತ್ತು. ಒಪ್ಪಿಕೊಳ್ಳಲಿಲ್ಲ. ತಲೆಯಾಡಿಸಿ ಒಳಗೆ ಬಂದೆ.

ಊರಿಗೆ ಮರಳಿದ ವಾರದಲ್ಲಿ ಈರಮ್ಮ ಬಂದು ಹಿತ್ತಲಲ್ಲಿ ಕೂತಳು. ಅವಳು ನನ್ನ ಅವ್ವನ ವಾರಿಗೆಯವಳು. ಸೌದೆ ತುಂಬಿದ ಗೋದಲಿ ನೋಡಿ, ‘ನಿಮ್ಮವ್ವ ಹೋದ ಮ್ಯಾಲೆ ಇದರಾಗ ರೊಟ್ಟಿ ಇಡೋರು ಯಾರೂ ಇಲ್ದಂಗಾತು’ ಎಂದಳು.

‘ಎಮ್ಮೀನ ಮಾರಿದ್ವೆಲ್ಲ ಚಿಗವ್ವ, ಇನ್ಯಾಕ ರೊಟ್ಟಿ?’

‘ಎಮ್ಮಿಗ್ಯಾರು ಬಟ್ಟ್ಯಾಗ ಸುತ್ತಿ ಕೊಡ್ತಾರ, ಹುಚ್ಚಿ? ಹೊನ್ನೂರ ಬೆಳಕು ಹರಿಯೋ ಮುಂಚೆ ಬಂದು ತಿಂದು ಹೋಗ್ತಿದ್ದ. ನಿಮ್ಮಜ್ಜಿನೂ ನಿಮ್ಮಜ್ಜಗ ಹಂಗ ಇಡ್ತಿದ್ಲು. ಗಂಗಾಳ ಬೋರಲು ಹಾಕೋದು ಮುಂದಿನ ಬಾಗಿಲಿಗೆ, ಹಿಂದಿನ ಬಾಗಿಲಿಗೆ ಬ್ಯಾರೆ. ನಿನಗ ಯಾರೂ ಹೇಳಲಿಲ್ಲೇನು?’

ಯಾರೂ ಹೇಳಲಿಲ್ಲ. ನನಗೆ ಅಜ್ಜಿಯ ಮೇಲೆ, ಅವ್ವನ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅರ್ಧ ಕಾನೂನು ಕಲಿಸಿ ಹೋದರು. ಕರುಣೆಯನ್ನು ಯಾಕೆ ಕಳ್ಳಮಾಲಿನ ಹಾಗೆ ಬಚ್ಚಿಟ್ಟರು? ಮಗಳಿಗಾದರೂ ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಹೀಗೆ ಬೈದುಕೊಂಡು ಬೈದುಕೊಂಡು ಕೊನೆಗೆ ನನ್ನ ಬಳಿಗೇ ಬಂದು ನಿಲ್ಲುತ್ತೇನೆ. ಹಸಿದವನಿಗೆ ಅನ್ನ ಹಾಕಲು ಯಾರಾದರೂ ಹೇಳಿಕೊಡಬೇಕೇ?

ಆ ಮನೆ ಮಾರಿದೆವು. ಗೋಡೆ ಕೆಡವಿ ಈಗ ಅಲ್ಲಿ ಲಾರಿ ಟೈರಿನ ಗೋದಾಮು ಮಾಡಿದ್ದಾರೆ. ಬಸ್ಸಿನಲ್ಲಿ ಹೋಗುವಾಗ ಅಡುಗೆಮನೆ ಎಲ್ಲಿತ್ತು, ಕಟ್ಟೆ ಎಲ್ಲಿತ್ತು ಎಂದು ಅಂದಾಜು ಮಾಡುತ್ತೇನೆ, ಅಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತದೆ. ಹೊಸಪೇಟೆಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ ನಮ್ಮದು. ಅಣ್ಣ ಕುಡಿಯುವುದಿಲ್ಲ. ಕುಡಿಯಬೇಕೆನ್ನುವುದೂ ಅವನಿಗೆ ನೆನಪಿಲ್ಲ. ಬೆಳಿಗ್ಗೆ ಎದ್ದರೆ ಗಾಣಕ್ಕೆ ಹೊತ್ತಾಯಿತು ಎಂದು ಚಪ್ಪಲಿ ಹುಡುಕುತ್ತಾನೆ. ಅಪ್ಪ ಇಲ್ಲವೆಂದು ಮೊದಮೊದಲು ನಿಜ ಹೇಳುತ್ತಿದ್ದೆ. ಪ್ರತಿ ಸಲವೂ ಆಗಷ್ಟೇ ಕೇಳಿದವನ ಹಾಗೆ ಅಳುತ್ತಿದ್ದ. ಈಗ ‘ಕಂಪ್ಲಿಗೆ ಹೋಗ್ಯಾನ, ನಾಳೆ ಬರ್ತಾನ’ ಎನ್ನುತ್ತೇನೆ. ಓಣಿಯ ಗಂಡಸರು ತಮಾಷೆಗೆ ಅವನನ್ನು ಮಾತಿಗೆಳೆಯುತ್ತಾರೆ. ‘ಹೊನ್ನೂರಪ್ಪ, ನಿನ್ನೆ ಎಲ್ಲಿಗೆ ಹೋಗಿದ್ದಿ?’ ಎಂದರೆ ಇವನು ‘ಹಂಪಿಗೆ ಹೋಗಿದ್ನೆಪ, ಹೊಳಿ ತುಂಬಿ ಬಂದಿತ್ತು, ಹರಗೋಲು ನಾನೇ ಹಾಕಿದೆ’ ಎಂದು ಸಾವಧಾನವಾಗಿ ಹೇಳುತ್ತಾನೆ, ಅವರು ಬಿದ್ದು ಬಿದ್ದು ನಗುತ್ತಾರೆ. ನಾನು ಒಂದು ದಿನ ಸೌಟು ಹಿಡಿದು ಹೊರಗೆ ಬಂದ ಮೇಲೆ ನನ್ನ ಎದುರಿಗೆ ಕೇಳುವುದನ್ನು ಬಿಟ್ಟಿದ್ದಾರೆ.

ಅದನ್ನು ತಡೆದುಕೊಂಡೆ. ತಡೆಯಲಾರದ್ದು ಅವನ ಹೊಗಳಿಕೆ. ನೀರು ಬಿಡುವ ದಿನ ಓಣಿಯ ಹೆಂಗಸರೆಲ್ಲ ನಲ್ಲಿಯ ಹತ್ತಿರ ಕೊಡ ಇಟ್ಟು ಕಾಯುತ್ತಾರೆ, ಅಣ್ಣ ಮೆಟ್ಟಿಲ ಮೇಲೆ ಕೂತಿರುತ್ತಾನೆ. ಹೋದ ತಿಂಗಳು ಹೊಸದಾಗಿ ಬಾಡಿಗೆಗೆ ಬಂದ ಒಬ್ಬಳು ಅವನನ್ನು ಮಾತಾಡಿಸಿದಳು. ಅವನು ಶುರು ಮಾಡಿದ: ‘ನನಗ ಭಾಳ ಆರಾಮಿದ್ದಿಲ್ರಿ. ಹೊಟ್ಟ್ಯಾಗ ಏನೂ ನಿಲ್ತಿದ್ದಿಲ್ಲ. ಗಂಜಿ ಕಾಸು ಅಂದೆ. ಇಕಿ ಗಂಜಿ ಯಾಕ ಅಂತ ಅನ್ನ, ಸಾರು, ಮ್ಯಾಲೊಂದು ಮಿಳ್ಳಿ ತುಪ್ಪ ಹಾಕಿದ್ಲು. ಮೂರು ದಿನ ಬಾಜೂಕ ಕುಂತು ಉಣಿಸಿದ್ಲು. ಒಂದಿನಾ ಉಪವಾಸ ಕೆಡವಿಲ್ರಿ ನನ್ನ.’

‘ಪುಣ್ಯ ಕಟ್ಕೊಂಡಿ ಹುಲಿಗೆಮ್ಮ’ ಎಂದಳು ಆ ಹೆಂಗಸು. ‘ಇಂಥ ತಂಗಿ ಯಾರಿಗೆ ಸಿಗ್ತಾಳ?’

ಉಳಿದವರೂ ಹೌದೆಂದು ತಲೆಯಾಡಿಸಿದರು. ಅವನು ಗಂಜಿ ಎಂದಿದ್ದ. ಅಷ್ಟು ಮಾತ್ರ ಅವನಲ್ಲಿ ಎಲ್ಲೋ ಉಳಿದುಕೊಂಡಿತ್ತು. ನಾನು ಏನು ಕೊಡಲಿಲ್ಲವೋ ಅದನ್ನು ಅವನ ಹಾಳಾದ ಮಿದುಳು ನನ್ನ ಪರವಾಗಿ ತಾನೇ ಮಾಡಿ, ತುಪ್ಪ ಹಾಕಿ ಬಡಿಸಿಕೊಂಡಿತ್ತು. ಅವನಿಗೆ ನೆನಪಿಲ್ಲ, ದೇವರೇ ಮುಚ್ಚಿಹಾಕಿದ್ದಾನೆ, ಸುಮ್ಮನಿರು ಎಂದು ಈರಮ್ಮ ಹಿಂದೆ ಹೇಳಿದ್ದಳು. ನನಗೆ ಅಂಥ ದೇವರು ಬೇಡ. ತುಂಬುತ್ತಿದ್ದ ಕೊಡವನ್ನು ಬಿಟ್ಟು ಅಣ್ಣನ ಮುಂದೆ ಕೆಳಗಿನ ಮೆಟ್ಟಿಲ ಮೇಲೆ ಕೂತೆ. ನಿಮಗೂ ಇಲ್ಲಿಯವರೆಗೆ ಒಂದು ಮಾತು ಬಚ್ಚಿಟ್ಟೇ ಬರೆದಿದ್ದೇನೆ. ಅದನ್ನು ಮೊದಲು ಕೇಳಬೇಕಾದವನು ಅವನೇ ಆಗಿದ್ದ. ಎಲ್ಲರೂ ಕೇಳುವ ಹಾಗೆ ಹೇಳಿದೆ.

‘ಇಲ್ಲಣ್ಣ. ನಾ ಹಾಕಲಿಲ್ಲ. ಅನ್ನ ಹಾಕಲಿಲ್ಲ, ಗಂಜೀನೂ ಕಾಸಲಿಲ್ಲ. ನೀ ಅವತ್ತು ಕುಡಿದಿದ್ದಿಲ್ಲ. ನಿನ್ನ ಬಾಯಾಗ ವಾಸನಿ ಇದ್ದಿಲ್ಲ, ಅದು ನನಗ ಗೊತ್ತಾಗಿತ್ತು. ಗೊತ್ತಿದ್ದೂ ಮೂರು ದಿನ ಉಪವಾಸ ಕೆಡವಿದೆ. ತಪ್ಪಾತಣ್ಣ. ನಂದು ತಪ್ಪಾತು.’